ಬ್ರಾಕೆಟ್ಟಿನೊಳಗಿನ ಅಂಕ

ಸಿಂಚನಾಳ ನೋಟ್‌ಬುಕ್ಕಿನಲ್ಲಿ ಪ್ರತಿ ಪರೀಕ್ಷೆಗೂ ಎರಡು ಅಂಕ ಇರುತ್ತಿದ್ದವು. ಒಂದು ಬಂದ ಅಂಕ. ಇನ್ನೊಂದು ಬರಬೇಕಾಗಿದ್ದ ಅಂಕ. ಬಂದದ್ದನ್ನು ನೀಲಿ ಪೆನ್ನಿನಲ್ಲಿ ಸಣ್ಣಗೆ ಬರೆಯುತ್ತಿದ್ದಳು. ಬರಬೇಕಾಗಿದ್ದದ್ದನ್ನು ಪಕ್ಕದಲ್ಲೇ ಬ್ರಾಕೆಟ್ ಹಾಕಿ ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆಯುತ್ತಿದ್ದಳು.

71 (ಸಿಲ್ಲಿ ಮಿಸ್ಟೇಕ್ ಬಿಟ್ಟರೆ 86).

ನಗಬೇಡಿ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಯಲ್ಲೆಲ್ಲ ಇಂಥ ಬ್ರಾಕೆಟ್ ಒಂದು ಇದ್ದೇ ಇರುತ್ತದೆ. ಮಕ್ಕಳು ಅದನ್ನು ಪುಸ್ತಕದಲ್ಲಿ ಬರೆಯುತ್ತಾರೆ, ದೊಡ್ಡವರು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಸಿಂಚನಾ ಬರೆಯುತ್ತಿದ್ದದ್ದು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯ ಮಾದರಿ ಪತ್ರಿಕೆಗಳನ್ನು. ಎರಡು ಗಂಟೆ, ನೂರಿಪ್ಪತ್ತು ಪ್ರಶ್ನೆ. ಸರಿಯುತ್ತರಕ್ಕೆ ಒಂದು ಅಂಕ. ತಪ್ಪಾದರೆ ಕೈಯಲ್ಲಿರುವುದರಲ್ಲೇ ಕಾಲು ಅಂಕ ಹೋಗುತ್ತದೆ. ಉದ್ದುದ್ದ ಇಂಗ್ಲಿಷ್ ಬರಹ ಕೊಟ್ಟು, ಅದನ್ನು ಓದಿ ಉತ್ತರಿಸಿ ಅನ್ನುತ್ತಾರೆ. ಒಂದು ಸಲ ಬರೆದು ಸೀಟು ಸಿಗದೆ ವಾಪಸು ಬಂದಿದ್ದಳು. ಇನ್ನೊಂದು ವರ್ಷ ಕೊಡಮ್ಮ ಎಂದು ತಾಯಿಯನ್ನು ಕೇಳಿಕೊಂಡಿದ್ದಳು. ತಾಯಿ ನೇತ್ರಾವತಿ ಮಾತಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಇರುವ ಹೆಂಗಸು. "ಒಂದೇ ವರ್ಷ. ಡಿಸೆಂಬರ್‌ನಲ್ಲಿ ಆಗ್ಲಿಲ್ಲ ಅಂದ್ರೆ ಇಲ್ಲೇ ಬಿ.ಕಾಂ. ಸೇರ್ಕೋಬೇಕು, ಆಮೇಲೆ ಲಾ ಅನ್ನೋ ಮಾತು ಎತ್ತಂಗಿಲ್ಲ" ಎಂದು ಹೇಳಿ ಒಪ್ಪಿದ್ದಳು.

ಹುಡುಗಿಗೆ ಕಾನೂನೇ ಯಾಕೆ ಬೇಕಾಗಿತ್ತು ಅನ್ನುವುದಕ್ಕೂ ಕಾರಣವಿದೆ. ಅವಳ ದೊಡ್ಡಮ್ಮ ಹೊನ್ನಮ್ಮನಿಗೆ ಓದು ಬರುವುದಿಲ್ಲ. ಗಂಡ ತೀರಿಕೊಂಡ ವರ್ಷ, ಗಂಡನ ಅಣ್ಣತಮ್ಮಂದಿರು ಒಂದು ಕಾಗದ ತಂದು "ಇಲ್ಲೊಂದು ಹೆಬ್ಬೆಟ್ಟು ಒತ್ತವ್ವ" ಅಂದರು. ಅವರು ಅದನ್ನು ಓದಿ ಹೇಳಲಿಲ್ಲ, ಈಕೆ ಕೇಳಲೂ ಇಲ್ಲ. ಹೆಬ್ಬೆಟ್ಟು ಒತ್ತಿಕೊಟ್ಟಳು. ಗಂಡನ ಪಾಲಿನ ಜಮೀನಿನ ಮೇಲೆ ತನಗೆ ಹಕ್ಕಿಲ್ಲ ಎಂದು ಆ ಕಾಗದದಲ್ಲಿ ಬರೆದಿತ್ತೆಂದು ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಆಗ ಸಿಂಚನಾ ಹತ್ತನೇ ಕ್ಲಾಸು. ಕೋರ್ಟಿನ ಮೆಟ್ಟಿಲ ಮೇಲೆ ಕೂತು ದೊಡ್ಡಮ್ಮ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದದ್ದನ್ನು ಅವಳು ಕಂಡಿದ್ದಳು. ಸಹಿ ಹಾಕುವ ಮೊದಲು ಕಾಗದವನ್ನು ಓದಿ ಹೇಳುವ ವಕೀಲೆಯಾಗಬೇಕು ಎಂದು ಅವತ್ತೇ ನಿರ್ಧಾರ ಮಾಡಿದಳು. ಹದಿನೈದು ವರ್ಷದ ಹುಡುಗಿಯ ತಲೆಯಲ್ಲಿ ಇಂಥ ಯೋಚನೆ ಬಂದದ್ದೇ ದೊಡ್ಡದು ಅನ್ನಿಸುತ್ತದೆ ನನಗೆ.

ನೇತ್ರಾವತಿಯದು ಆ ತಾಲ್ಲೂಕು ಊರಿನ ಕೋರ್ಟಿನ ಎದುರಿಗೆ ಒಂದು ಝೆರಾಕ್ಸ್ ಅಂಗಡಿ. ಮಗಳಿಗೆ ಮಾದರಿ ಪತ್ರಿಕೆಗಳನ್ನು ಅಲ್ಲೇ ಪ್ರಿಂಟ್ ತೆಗೆದು ಕೊಡುತ್ತಿದ್ದಳು. ಭಾನುವಾರ ಕೋರ್ಟಿಗೆ ರಜೆ, ಅಂಗಡಿಯಲ್ಲಿ ಜನವಿಲ್ಲ. ಲ್ಯಾಮಿನೇಷನ್ ಮೆಷಿನ್ನಿನ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಸಿಂಚನಾ ಪರೀಕ್ಷೆ ಬರೆಯುತ್ತಿದ್ದಳು. ಆಮೇಲೆ ತಾನೇ ಉತ್ತರಪಟ್ಟಿ ಇಟ್ಟುಕೊಂಡು ಅಂಕ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಬ್ರಾಕೆಟ್.

ಆ ಅಂಗಡಿಗೆ ದಿನಾ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದವರು ಶಿವರುದ್ರಯ್ಯ. ಕೋರ್ಟಿನ ನಕಲು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಝೆರಾಕ್ಸ್ ಬರುವ ಮುಂಚೆ ತೀರ್ಪಿನ ನಕಲು ಬೇಕೆಂದರೆ ಒಬ್ಬರು ಕೂತು ಟೈಪ್ ಮಾಡಬೇಕಿತ್ತು. ಟೈಪ್ ಆದದ್ದು ಮೂಲದ ಹಾಗೆಯೇ ಇದೆಯೇ ಎಂದು ಸಾಲು ಸಾಲಾಗಿ ಹೋಲಿಸಿ ನೋಡಲು ಇನ್ನೊಬ್ಬರು. ಅದಕ್ಕೆ ತಾಳೆ ನೋಡುವುದು ಅಂತ ಹೆಸರು. ಶಿವರುದ್ರಯ್ಯನವರದು ಆ ಕೆಲಸ. ಊರಿನವರು ಈಗಲೂ ಅವರನ್ನು ತಾಳೆ ಶಿವರುದ್ರಯ್ಯ ಅಂತಲೇ ಕರೆಯುತ್ತಾರೆ. ಅಂಗಡಿಯ ಮೆಷಿನ್ನನ್ನು ನೋಡಿ, "ನನ್ನ ಕೆಲಸ ಕಿತ್ಕೊಂಡೋನು ಇವನೇ" ಎಂದು ದಿನಕ್ಕೊಂದು ಸಲ ಗೊಣಗಿ ಪೇಪರ್ ಬಿಡಿಸುವುದು ಅವರ ರೂಢಿ. ಒಂದು ಕಣ್ಣಿಗೆ ಪೊರೆ ತೆಗೆಸಿಯಾಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಹಾಗಾಗಿ ಸಣ್ಣ ಅಕ್ಷರದ ಸುದ್ದಿಗಳನ್ನು ಸಿಂಚನಾಳ ಕೈಯಲ್ಲಿ ಓದಿಸುತ್ತಿದ್ದರು. ಹೇಗೂ ಪರೀಕ್ಷೆಗೆ ದಿನದ ಸುದ್ದಿ ಗೊತ್ತಿರಬೇಕಾದ್ದರಿಂದ ಅವಳೂ ಓದುತ್ತಿದ್ದಳು.

ಜೂನ್ ತಿಂಗಳಲ್ಲಿ ಒಂದು ದಿನ ಪೇಪರಿನ ಅಡಿಯಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಕನ್ನಡಕ ಏರಿಸಿಕೊಂಡು ನೋಡಿದರು.

"ಇದೇನಮ್ಮ, ಎರಡೆರಡು ಅಂಕ?"

"ಒಂದು ಬಂದಿದ್ದು ತಾತ. ಬ್ರಾಕೆಟ್‌ನಲ್ಲಿ ಇರೋದು ನನ್ನ ನಿಜವಾದ ಮಾರ್ಕ್ಸು."

"ಬಂದಿದ್ದು ನಿಜವಾದದ್ದಲ್ವಾ?"

"ಹಂಗಲ್ಲ ತಾತ. ಹನ್ನೆರಡು ತಪ್ಪು ಬರೀ ಸಿಲ್ಲಿ ಮಿಸ್ಟೇಕು. ಉತ್ತರ ಗೊತ್ತಿತ್ತು. ಸುಮ್ನೆ ಕೈ ತಪ್ಪಿ ಬೇರೆದು ಹಾಕ್ದೆ."

"ಹೋದ ವಾರ ಎಷ್ಟು ಕೈ ತಪ್ತು?"

ಸಿಂಚನಾ ಪುಟ ತಿರುಗಿಸಿದಳು. ಹೋದ ವಾರ ಹನ್ನೊಂದು. ಅದರ ಹಿಂದಿನ ವಾರ ಹದಿಮೂರು.

"ವಾರಾ ವಾರಾ ಹನ್ನೆರಡು ಸಲ ತಪ್ಪೋ ಕೈಗೆ ತಪ್ಪೋದೇ ಕೆಲಸ ಆಗಿದೆ ಅಂತ ಅರ್ಥ" ಎಂದರು ಮುದುಕರು.

ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಮುಖ ಕೆಂಪಾಯಿತು. "ನಿಮಗೆ ಈ ಪರೀಕ್ಷೆ ಗೊತ್ತಿಲ್ಲ ತಾತ" ಎಂದಳು.

"ನಿಜ. ಪರೀಕ್ಷೆ ನಂಗೆ ಗೊತ್ತಿಲ್ಲ. ತಪ್ಪು ಗೊತ್ತು."

ಒಳಗೆ ಝೆರಾಕ್ಸ್ ತೆಗೆಯುತ್ತಿದ್ದ ನೇತ್ರಾವತಿ ಇದನ್ನೆಲ್ಲ ಕೇಳಿಸಿಕೊಂಡಳು. ಹೊರಗೆ ಬಂದು, "ಸಾರ್, ನೀವೇ ಒಂದ್ಸಲ ಇವಳ ಪೇಪರ್ ನೋಡಿ. ನನಗಂತೂ ಇಂಗ್ಲಿಷು ಅರ್ಥ ಆಗಲ್ಲ" ಅಂದಳು. ಶಿವರುದ್ರಯ್ಯ ಒಪ್ಪಿದರು. ಅವರದು ಒಂದೇ ಷರತ್ತು.

"ನಮ್ಮ ನಕಲು ವಿಭಾಗದಲ್ಲಿ ಒಂದು ಕಟ್ಟುನಿಟ್ಟಿತ್ತು. ಟೈಪ್ ಮಾಡಿದೋರು ತಾಳೆ ನೋಡಂಗಿಲ್ಲ. ಎಷ್ಟೇ ಪ್ರಾಮಾಣಿಕರಾಗಿರಲಿ. ಯಾಕೆ ಹೇಳು? ಬರೆದವರ ಕಣ್ಣು ಕಾಗದ ನೋಡಲ್ಲ. ಅವರು ಏನು ಬರೀಬೇಕು ಅಂತಿದ್ರೋ ಅದನ್ನ ನೋಡುತ್ತೆ. ಅದಕ್ಕೇ ಕೊನೇಲಿ ಎರಡು ಸಹಿ. ಟೈಪ್ ಮಾಡಿದವರದೊಂದು, ತಾಳೆ ನೋಡಿದವರದೊಂದು. ನೀನು ಬರಿ. ಅಂಕ ನಾನು ಹಾಕ್ತೀನಿ."

ಮುಂದಿನ ಭಾನುವಾರ ಹಾಗೇ ಆಯಿತು. ಬಂದ ಅಂಕ ಅರವತ್ತನಾಲ್ಕೂವರೆ.

ಸಿಂಚನಾ ಬೆಪ್ಪಾದಳು. ಎಪ್ಪತ್ತರ ಆಸುಪಾಸಿನಲ್ಲಿದ್ದವಳು ಇಷ್ಟು ಕೆಳಗೆ ಹೇಗೆ ಬಂದಳು? ಉತ್ತರ ಸುಲಭ. ತಾನೇ ಅಂಕ ಹಾಕಿಕೊಳ್ಳುವಾಗ, "ಇದನ್ನೇ ಹಾಕ್ಬೇಕು ಅಂತಿದ್ದೆ" ಅನ್ನಿಸಿದ ನಾಲ್ಕೈದು ಪ್ರಶ್ನೆಗಳಿಗೆ ಸರಿ ಗುರುತು ಹಾಕಿಬಿಡುತ್ತಿದ್ದಳು. ಮೋಸ ಮಾಡುವ ಮನಸ್ಸೇನಲ್ಲ. ಯಾರಿಗೆ ಮೋಸ ಮಾಡಬೇಕು, ಅಲ್ಲಿ ಅವಳೊಬ್ಬಳೇ ತಾನೇ ಇದ್ದದ್ದು? ಆದರೂ ಬಂದ ಅಂಕ ಅಂತ ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದದ್ದರಲ್ಲೂ ಸ್ವಲ್ಪ ಕೆಂಪು ಬೆರೆತಿತ್ತು.

ನಾಲ್ಕು ದಿನ ಅಂಗಡಿಯ ಕಡೆ ಸುಳಿಯಲಿಲ್ಲ. ಊಟ ಸೇರಲಿಲ್ಲ. "ಆ ತಾತ ಬರೋದಾದ್ರೆ ನಾನು ಬರಲ್ಲ" ಅಂದಳು. ತಾಯಿ ಸಮಾಧಾನ ಹೇಳಲಿಲ್ಲ. ಬೈಯಲೂ ಇಲ್ಲ. ಬಿ.ಕಾಂ. ಅರ್ಜಿಯೊಂದನ್ನು ತಂದು ಟಿ.ವಿ. ಮೇಲಿಟ್ಟಳು, ಅಷ್ಟೇ.

ಐದನೇ ದಿನ ಬೆಳಿಗ್ಗೆ ಸಿಂಚನಾ ಅಂಗಡಿಗೆ ಬಂದು ಪೇಪರ್ ಬಿಡಿಸಿ, ಏನೂ ಆಗಿಲ್ಲವೆಂಬಂತೆ ಶಿವರುದ್ರಯ್ಯನವರಿಗೆ ಸಣ್ಣಕ್ಷರದ ಸುದ್ದಿ ಓದತೊಡಗಿದಳು. ಅವರೂ ಏನೂ ಆಗಿಲ್ಲವೆಂಬಂತೆ ಕೇಳಿದರು. ಈ ಕಥೆಯಲ್ಲಿ ಯಾರನ್ನಾದರೂ ಮೊದಲ ಸಲ ಮೆಚ್ಚಬೇಕೆನ್ನಿಸಿದರೆ ಇಲ್ಲಿ ಮೆಚ್ಚಿಬಿಡಿ. ಜಂಬ ಮುರಿದ ಜಾಗಕ್ಕೆ ಕಾಲೆಳೆದುಕೊಂಡು ಮತ್ತೆ ಬರುವುದು ಸಣ್ಣ ಕೆಲಸವಲ್ಲ. ನನ್ನ ವಯಸ್ಸಿನವರೂ ಬರುವುದಿಲ್ಲ.

ಅವತ್ತು ಮುದುಕರು ಅವಳಿಗೆ ಮೂರು ಮಾತು ಕಲಿಸಿದರು. ನಕಲು ವಿಭಾಗದಲ್ಲಿ ಸಿಲ್ಲಿ ಮಿಸ್ಟೇಕ್ ಅನ್ನುವ ಹೆಸರೇ ಇರಲಿಲ್ಲವಂತೆ. ಪ್ರತಿ ತಪ್ಪಿಗೂ ಅದರದೇ ಹೆಸರು. ಒಂದು, ಹಾರಿದ್ದು. ಅಂದರೆ ಕಣ್ಣು ಒಂದು ಸಾಲು ಬಿಟ್ಟು ಮುಂದಿನದಕ್ಕೆ ಹೋದದ್ದು. ಎರಡು, ಬಿಟ್ಟದ್ದು. ಅಂದರೆ ಸಾಲು ಓದಿಯೂ ಅದರಲ್ಲಿನ ಒಂದು ಪದ ಕಾಣದೇ ಹೋದದ್ದು. ಮೂರು, ಸೇರಿಸಿದ್ದು. ಅಂದರೆ ಮೂಲದಲ್ಲಿ ಇಲ್ಲದ್ದನ್ನು ಮನಸ್ಸಿನಿಂದ ತಂದು ಹಾಕಿದ್ದು.

"ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು" ಎಂದರು. "ದಡ್ಡ ಟೈಪಿಸ್ಟ್ ಯಾವತ್ತೂ ಸೇರಿಸಲ್ಲ. ಬುದ್ಧಿವಂತನೇ ಸೇರಿಸೋದು. ಮುಂದೆ ಏನು ಬರುತ್ತೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತಲ್ಲ."

ಹಳೆಯ ಎಪ್ಪತ್ತೊಂದರ ಪತ್ರಿಕೆಯನ್ನು ತೆಗೆಸಿದರು. ಅದರಲ್ಲಿನ ಹನ್ನೆರಡು ಸಿಲ್ಲಿ ತಪ್ಪುಗಳಿಗೂ ಹೆಸರು ಬರೆಯಲು ಹೇಳಿದರು. ಹುಡುಗಿ ಬರೆದಳು. ಹಾರಿದ್ದು ಎರಡು. ಬಿಟ್ಟದ್ದು ಮೂರು. ಆ ಮೂರರಲ್ಲೂ ಪ್ರಶ್ನೆಯಲ್ಲಿದ್ದ 'ಅಲ್ಲ' ಎಂಬ ಮಾತೇ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಸೇರಿಸಿದ್ದು ಏಳು.

ಏಳರಲ್ಲಿ ಒಂದು ಹೀಗಿತ್ತು. ಬರಹದಲ್ಲಿ ಒಂದು ನಿಯಮ ಕೊಟ್ಟಿದ್ದರು. ಅನುಮತಿಯಿಲ್ಲದೆ ಬೇರೆಯವರ ಜಾಗಕ್ಕೆ ಕಾಲಿಟ್ಟರೆ ಅದು ಅತಿಕ್ರಮ ಪ್ರವೇಶ, ಉದ್ದೇಶ ಏನೇ ಇರಲಿ. ಆಮೇಲೆ ಸಂಗತಿ. ಅಳುತ್ತಿದ್ದ ಮೊಮ್ಮಗುವಿನ ಚೆಂಡು ತರಲು ಅಜ್ಜಿಯೊಬ್ಬಳು ಪಕ್ಕದ ಮನೆಯ ಕಾಂಪೌಂಡಿನೊಳಗೆ ಹೋದಳು. ಇದು ಅತಿಕ್ರಮವೇ?

ಸಿಂಚನಾ ಅಲ್ಲ ಅಂತ ಗುರುತು ಹಾಕಿದ್ದಳು.

"ಯಾಕಮ್ಮ?"

"ಪಾಪ ತಾತ, ಅಜ್ಜಿ ಕದಿಯೋಕೆ ಹೋಗ್ಲಿಲ್ಲವಲ್ಲ. ಚೆಂಡು ತರೋಕೆ ತಾನೆ ಹೋಗಿದ್ದು?"

"ಮೂಲದಲ್ಲಿ ಏನಿದೆ?"

ಓದಿದಳು. 'ಉದ್ದೇಶ ಏನೇ ಇರಲಿ' ಎಂದು ಕಪ್ಪು ಅಕ್ಷರದಲ್ಲಿ ಕಣ್ಣಿಗೆ ರಾಚುವ ಹಾಗೆ ಇತ್ತು.

"ನಿನ್ನ ಮನಸ್ಸು ಒಳ್ಳೇದು ಕಣಮ್ಮ" ಎಂದರು ಶಿವರುದ್ರಯ್ಯ. "ಆದ್ರೆ ಅವರು ಕೇಳಿದ್ದು ಮೂಲದಲ್ಲಿ ಏನಿದೆ ಅಂತ. ನೀನು ಹೇಳಿದ್ದು ಮನಸ್ಸಿನಲ್ಲಿ ಏನಿದೆ ಅಂತ."

ತಮ್ಮ ಚೀಲದಿಂದ ಒಂದು ಮರದ ಅಡಿಪಟ್ಟಿ ತೆಗೆದರು. ಒಂದು ಅಂಚು ಬೆರಳು ತಾಗಿ ತಾಗಿ ನುಣುಪಾಗಿತ್ತು. ತಾಳೆ ನೋಡುವಾಗ ಸಾಲಿನ ಕೆಳಗೆ ಅದನ್ನಿಟ್ಟು, ಒಂದು ಸಾಲು ಮುಗಿಯುವ ತನಕ ಕೆಳಗಿಳಿಸುತ್ತಿರಲಿಲ್ಲವಂತೆ. ಮೂವತ್ತೊಂದು ವರ್ಷ ಅದೇ ಅಡಿಪಟ್ಟಿ. "ಬ್ರಾಕೆಟ್ ಇಲ್ಲದೆ ತೊಂಬತ್ತು ತಾ. ಇದು ನಿಂದು" ಎಂದು ಮತ್ತೆ ಚೀಲಕ್ಕೆ ಹಾಕಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ ಆ ಹುಡುಗಿಯ ದುಡಿಮೆ. ಹೊಸ ನೋಟ್‌ಬುಕ್ ಮಾಡಿದಳು. ಅದರಲ್ಲಿ ಒಂದೇ ಅಂಕ, ನೀಲಿಯಲ್ಲಿ. ಕೆಂಪು ಪೆನ್ನು ಅಮ್ಮನಿಗೆ ಕೊಟ್ಟುಬಿಟ್ಟಳು. ಭಾನುವಾರ ಪರೀಕ್ಷೆ. ಸಂಜೆ ಮುದುಕರು ಉತ್ತರಪಟ್ಟಿ ಹಿಡಿದು ಅಂಕ ಹಾಕಿ ಕೆಳಗೆ ಸಹಿ ಮಾಡುತ್ತಿದ್ದರು. ಸೋಮವಾರ ಬೆಳಿಗ್ಗೆ ಆಕೆ ಪ್ರತಿ ತಪ್ಪಿನ ಮುಂದೂ ಅದರ ಹೆಸರು ಬರೆಯುತ್ತಿದ್ದಳು. ಗೊತ್ತಿಲ್ಲದೆ ತಪ್ಪಾದದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆಯುತ್ತಿದ್ದಳು. ಅದನ್ನು ಬರೆಯುವುದು ಮೊದಮೊದಲು ಎಷ್ಟು ಕಷ್ಟವಾಯಿತೆಂದರೆ, ಆ ಪದವನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದು ಮುಚ್ಚಿಡುತ್ತಿದ್ದಳು. ಆಗಸ್ಟ್ ಹೊತ್ತಿಗೆ ರೂಢಿಯಾಯಿತು. ಗೊತ್ತಿಲ್ಲ ಎಂದು ಬರೆದದ್ದನ್ನು ಅದೇ ವಾರ ಕಲಿಯುತ್ತಿದ್ದಳು. ಹಾಗೆ ಶೇಕಡಾ ಲೆಕ್ಕ, ಅನುಪಾತ ಎಲ್ಲ ಕಲಿತಳು. ಎಂಟನೇ ಕ್ಲಾಸಿನ ಗಣಿತ ಪುಸ್ತಕವನ್ನು ಯಾರದೋ ಮನೆಯಿಂದ ಕೇಳಿ ತಂದು ಮೊದಲ ಪುಟದಿಂದ ಮಾಡಿದಳು. ಪಿ.ಯು.ಸಿ. ಪಾಸಾದವಳು ಎಂಟನೇ ಕ್ಲಾಸಿನ ಪುಸ್ತಕ ಹಿಡಿದು ಅಂಗಡಿಯಲ್ಲಿ ಕೂತಿರುವುದನ್ನು ನೋಡಿ ನಗುವವರು ನಕ್ಕರು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಅಂಕ ಮೆಟ್ಟಿಲು ಹತ್ತಿದ ಹಾಗೆ ಏರಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅರವತ್ತೇಳು, ಎಪ್ಪತ್ತನಾಲ್ಕು, ಮತ್ತೆ ಎಪ್ಪತ್ತು. ದಸರೆಯ ವಾರ ಎಪ್ಪತ್ತೊಂಬತ್ತು. ಮಾರನೇ ವಾರ ಜ್ವರ ಬಂದು ಎಪ್ಪತ್ತಮೂರು. "ಜ್ವರ ಇತ್ತಲ್ಲ, ಒಂದು ಬ್ರಾಕೆಟ್ ಹಾಕ್ಕೋ ಬೇಕಾದ್ರೆ" ಎಂದು ಶಿವರುದ್ರಯ್ಯ ಛೇಡಿಸಿದರು. ಅವಳು ಹಾಕಲಿಲ್ಲ. ದೀಪಾವಳಿ ಕಳೆದ ಮೇಲೆ ಎಂಬತ್ತನಾಲ್ಕು ಬಂತು. 'ಸೇರಿಸಿದ್ದು' ಏಳರಿಂದ ಐದಾಗಿ, ಮೂರಾಗಿ, ಕೊನೆಗೆ ಒಂದಕ್ಕೆ ಬಂದಿತ್ತು.

ನವೆಂಬರ್ ಮಧ್ಯದಲ್ಲಿ, ನಿಜವಾದ ಪರೀಕ್ಷೆಗೆ ಇನ್ನು ಮೂರೇ ವಾರ ಇದ್ದಾಗ, ಆ ಭಾನುವಾರ ಬಂತು. ಶಿವರುದ್ರಯ್ಯ ಅಂಕ ಹಾಕಿದರು. ಸರಿ ತೊಂಬತ್ತೈದು, ತಪ್ಪು ಹತ್ತೊಂಬತ್ತು, ಉತ್ತರಿಸದೆ ಬಿಟ್ಟಿದ್ದು ಆರು. ಒಟ್ಟು ತೊಂಬತ್ತೂಕಾಲು.

ಮುದುಕರು ಕೆಳಗೆ ಸಹಿ ಹಾಕಿದರು. ಚೀಲದಿಂದ ಅಡಿಪಟ್ಟಿ ತೆಗೆದು ಅವಳ ಕೈಯಲ್ಲಿಟ್ಟರು. ನೇತ್ರಾವತಿ ತನ್ನ ಅಕ್ಕ ಹೊನ್ನಮ್ಮನಿಗೆ ಫೋನ್ ಮಾಡಿ ಹೇಳಿದಳು, ಎದುರಿನ ಹೋಟೆಲಿನಿಂದ ಕೇಸರಿಭಾತ್ ತರಿಸಿದಳು. ಟಿ.ವಿ. ಮೇಲಿದ್ದ ಬಿ.ಕಾಂ. ಅರ್ಜಿಯನ್ನು ಒಳಗಿಟ್ಟಳು. ಆ ಮನೆಯಲ್ಲಿ ಅಷ್ಟು ಸಂತೋಷ ಬಂದು ಬಹಳ ದಿನವಾಗಿತ್ತು.

ಸೋಮವಾರ ಬೆಳಿಗ್ಗೆ ಸಿಂಚನಾ ರೂಢಿಯಂತೆ ತಪ್ಪುಗಳಿಗೆ ಹೆಸರು ಬರೆಯಲು ಕೂತಳು. ಹೊಸದಾಗಿ ಸಿಕ್ಕ ಅಡಿಪಟ್ಟಿ ಬೇರೆ ಕೈಯಲ್ಲಿದೆ. ತಪ್ಪಾದದ್ದನ್ನು ಮಾತ್ರ ನೋಡಿದರೆ ಸಾಕಾಗಿತ್ತು. ಅಡಿಪಟ್ಟಿ ಇಟ್ಟ ಸಂಭ್ರಮಕ್ಕೆ ಮೊದಲ ಪ್ರಶ್ನೆಯಿಂದಲೇ ಸಾಲು ಸಾಲಾಗಿ ಇಳಿದಳು. ಎಂಬತ್ತಮೂರನೇ ಪ್ರಶ್ನೆಯಲ್ಲಿ ಅಡಿಪಟ್ಟಿ ನಿಂತಿತು. ಉತ್ತರಪಟ್ಟಿಯಲ್ಲಿ ಸಿ. ಅವಳು ಹಾಕಿದ್ದು ಬಿ. ತಾತ ಅದಕ್ಕೆ ಸರಿ ಗುರುತು ಹಾಕಿದ್ದರು.

ಮೂರು ಸಲ ನೋಡಿದಳು. ಬಿ ಬಿಯಾಗಿಯೇ ಉಳಿಯಿತು. ತೊಂಬತ್ತೂಕಾಲಿನಲ್ಲಿ ಒಂದೂಕಾಲು ಹೋಯಿತು. ಎಂಬತ್ತೊಂಬತ್ತು.

ಇದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಇದೇನು ನಿಜವಾದ ಪರೀಕ್ಷೆಯೂ ಅಲ್ಲ. ಅಂಕ ಹಾಕಿದವರು ಅವಳಲ್ಲ, ತಾತ. ಅವರೇ ಸಹಿ ಹಾಕಿದ್ದಾರೆ. ಅಮ್ಮ ಎಲ್ಲರಿಗೂ ಹೇಳಿಯಾಗಿದೆ. ಕೇಸರಿಭಾತ್ ತಿಂದೂ ಆಗಿದೆ. ಅಡಿಪಟ್ಟಿ ತೊಡೆಯ ಮೇಲಿದೆ.

ನೋಟ್‌ಬುಕ್ ತೆಗೆದು 90.25 ಎಂಬುದನ್ನು ಹೊಡೆದು 89 ಎಂದು ಬರೆದಳು. ಆಮೇಲೆ ಕೈ ತಾನಾಗಿಯೇ ಪಕ್ಕಕ್ಕೆ ಹೋಗಿ ಒಂದು ಬ್ರಾಕೆಟ್ ತೆರೆಯಿತು. 'ತಾತ ಹಾಕಿದ್ದು 90.25' ಅಂತ ಬರೆಯಬೇಕು ಅನ್ನಿಸಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ಅರ್ಧ ಬಳೆಯಂಥ ಗೆರೆಯನ್ನು ನೋಡುತ್ತ ಅವಳಿಗೆ ನಾಚಿಕೆಯಾಯಿತು. ಕಾಟು ಹಾಕಿದಳು. ಪತ್ರಿಕೆಯನ್ನೂ ಅಡಿಪಟ್ಟಿಯನ್ನೂ ತೆಗೆದುಕೊಂಡು ಅಮ್ಮನಿಗೆ ವಿಷಯ ಹೇಳಿ, ಶಿವರುದ್ರಯ್ಯನವರ ಮನೆಗೆ ಹೊರಟಳು.

ಅವರು ಜಗಲಿಯಲ್ಲಿ ಕೂತಿದ್ದರು. ಸಿಂಚನಾ ಪತ್ರಿಕೆ ಮುಂದಿಟ್ಟು ಎಂಬತ್ತಮೂರರ ಕೆಳಗೆ ಅಡಿಪಟ್ಟಿ ಇಟ್ಟಳು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು.

"ನಿನ್ನ ಪರೀಕ್ಷೆ ಮಾಡೋಕೆ ಬೇಕೂಂತಲೇ ಹಾಕಿದ್ದು ಅಂದ್ರೆ ನನ್ನ ಮರ್ಯಾದೆ ಉಳಿಯುತ್ತೆ" ಎಂದರು. "ಆದ್ರೆ ಹಂಗಲ್ಲ ಕಣಮ್ಮ. ನನ್ನ ಕಣ್ಣು ತಪ್ತು. ನೀನು ಗೆಲ್ಲಬೇಕು ಅಂತಿದ್ದೆನಲ್ಲ, ಗೆದ್ದಿದ್ದೇ ಕಾಣಿಸ್ತು. ಇದಕ್ಕೂ ಹೆಸರಿದೆ. ಸೇರಿಸಿದ್ದು."

"ಪೊರೆ ಇದೆಯಲ್ಲ ತಾತ, ಅದಕ್ಕೆ..."

"ಬ್ರಾಕೆಟ್ ಹಾಕಬೇಡ" ಎಂದು ತಡೆದರು.

ತಮ್ಮ ಸಹಿಯ ಮೇಲೆ ಗೆರೆ ಎಳೆದರು. ಎಂಬತ್ತೊಂಬತ್ತು ಎಂದು ಬರೆದು ಮತ್ತೆ ಸಹಿ ಹಾಕಿದರು. ಸಿಂಚನಾ ಅಡಿಪಟ್ಟಿಯನ್ನು ಅವರ ಕಡೆ ಚಾಚಿದಳು. "ತೊಂಬತ್ತು ಬರಲಿಲ್ಲ ತಾತ."

ಅವರು ತೆಗೆದುಕೊಳ್ಳಲಿಲ್ಲ.

"ಮೂವತ್ತೊಂದು ವರ್ಷ ಲಕ್ಷ ಪುಟ ತಾಳೆ ನೋಡಿದ್ದೀನಿ. ನಾನು ನೋಡಿದ್ದನ್ನ ಇನ್ನೊಬ್ಬರು ತಾಳೆ ನೋಡಿ ತಪ್ಪು ತೋರಿಸಿದ್ದು ಇವತ್ತೇ. ಅದೂ ತನಗೆ ನಷ್ಟ ಆಗೋ ತಪ್ಪು. ತೊಂಬತ್ತಕ್ಕೆ ಕೊಡ್ತೀನಿ ಅಂದಿದ್ದು ನನ್ನ ದಡ್ಡತನ. ಇದು ಅಂಕಕ್ಕೆ ಕೊಡೋ ವಸ್ತು ಅಲ್ಲ, ತಾಳೆ ನೋಡೋರ ಹತ್ರ ಇರಬೇಕಾದ್ದು. ಇಟ್ಕೋ. ಇನ್ಮೇಲೆ ನಿನ್ನ ಪತ್ರಿಕೆಗೆ ನೀನೇ ಅಂಕ ಹಾಕ್ಕೋ."

"ಬರೆದವರು ತಾಳೆ ನೋಡಂಗಿಲ್ಲ ಅಂದಿದ್ರಲ್ಲ ತಾತ?"

"ಬರೆದವರ ಕಣ್ಣು ಬರೆದವರ ಪಕ್ಷ ವಹಿಸುತ್ತೆ ಅಂತ ಹಂಗೆ ಮಾಡಿದ್ರು. ನಿನ್ನ ಕಣ್ಣು ಈಗ ಯಾರ ಪಕ್ಷಾನೂ ಅಲ್ಲ. ನಿನ್ನ ಪಕ್ಷಾನೂ ಅಲ್ಲ."

ಹೇಳಿ ಮುದುಕರು ಮುಖ ಆ ಕಡೆ ತಿರುಗಿಸಿಕೊಂಡರು. ಕಣ್ಣಲ್ಲಿ ನೀರಿತ್ತು. ಪೊರೆಯಿಂದ ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಪರೀಕ್ಷೆ ನಡೆಯಿತು. ಹಾಲ್ ಟಿಕೆಟ್ಟು, ಪೆನ್ನು ಬಿಟ್ಟು ಬೇರೇನನ್ನೂ ಒಳಗೆ ಬಿಡಲಿಲ್ಲ. ಅಡಿಪಟ್ಟಿ ಹೊರಗೆ ಅಮ್ಮನ ಕೈಯಲ್ಲಿ ಉಳಿಯಿತು. ಸಿಂಚನಾ ಹಾಲ್ ಟಿಕೆಟ್ಟನ್ನೇ ಮಡಿಸಿ ಸಾಲಿನ ಕೆಳಗಿಟ್ಟುಕೊಂಡು ಓದಿದಳು.

ಅರ್ಧ ದಾಟಿದ ಮೇಲೆ ಒಂದು ಪ್ರಶ್ನೆ ಬಂತು. ನಿಯಮ ಹೀಗಿತ್ತು. ಕಾಗದಕ್ಕೆ ಸಹಿ ಹಾಕಿದವರು ಅದಕ್ಕೆ ಬದ್ಧರು. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ ಎಂದು ತೋರಿಸಿದರೆ ಮಾತ್ರ ಬಿಡುಗಡೆ. ತಾನು ಓದಿರಲಿಲ್ಲ ಎಂಬುದೊಂದೇ ಸಾಲದು. ಸಂಗತಿಯಲ್ಲಿ ಒಬ್ಬ ಹೆಂಗಸು. ಓದದೆ ಸಹಿ ಹಾಕಿದ್ದಾಳೆ. ಯಾರೂ ಅವಳಿಗೆ ಸುಳ್ಳು ಹೇಳಿಲ್ಲ. ಹೇಳಲೇ ಇಲ್ಲ, ಅಷ್ಟೇ. ಆಕೆಗೆ ಬಿಡುಗಡೆ ಇದೆಯೇ?

ಕೋರ್ಟಿನ ಮೆಟ್ಟಿಲು ಕಣ್ಣ ಮುಂದೆ ಬಂತು. ದೊಡ್ಡಮ್ಮನ ಹೆಬ್ಬೆರಳು ಬಂತು. ಇದೆ ಅಂತ ಗುರುತು ಹಾಕಲು ಮನಸ್ಸು ಒತ್ತಾಯ ಮಾಡಿತು. ಪೆನ್ನು ಉತ್ತರಪತ್ರಿಕೆಯ ಆ ವೃತ್ತದ ತನಕ ಹೋಯಿತು.

ಮೂಲದಲ್ಲಿ ಏನಿದೆ?

ಹಾಲ್ ಟಿಕೆಟ್ಟನ್ನು ಮತ್ತೆ ಮೇಲಿನ ಸಾಲಿಗೆ ಏರಿಸಿ ಓದಿದಳು. ಇಲ್ಲ ಅನ್ನುವ ವೃತ್ತವನ್ನು ತುಂಬಿದಳು. ಮುಂದಿನ ಪ್ರಶ್ನೆಗೆ ಹೋದಳು.

ಅವತ್ತು ಸಂಜೆ ಶಿವರುದ್ರಯ್ಯನವರ ಮುಂದೆ ಕೂತು ಅತ್ತಳು. "ದೊಡ್ಡಮ್ಮನ ಕೈ ಬಿಟ್ಟ ಹಾಗಾಯ್ತಲ್ಲ ತಾತ" ಎಂದಳು.

"ಕಾಗದದಲ್ಲಿ ಏನಿದೆ ಅಂತ ಸರಿಯಾಗಿ ನೋಡದೆ, ತಮಗೆ ಬೇಕಾದ್ದನ್ನೇ ಓದ್ಕೊಂಡು ಕೋರ್ಟಿಗೆ ಬರೋ ವಕೀಲರನ್ನ ಮೂವತ್ತೊಂದು ವರ್ಷ ನೋಡಿದ್ದೀನಿ" ಎಂದರು ಅವರು. "ಅವರನ್ನ ನಂಬಿದ ಜನರನ್ನೂ ನೋಡಿದ್ದೀನಿ. ನಿಮ್ಮ ದೊಡ್ಡಮ್ಮನಿಗೆ ಬೇಕಾಗಿರೋದು ಇದ್ದದ್ದನ್ನ ಇದ್ದಂಗೆ ಓದೋಳು. ಇವತ್ತು ಅಂಥೋಳು ಒಬ್ಬಳಾದ್ಲು. ಕಣ್ಣೊರೆಸ್ಕೋ."

ಮಾರನೇ ದಿನ ಅಧಿಕೃತ ಉತ್ತರಪಟ್ಟಿ ಬಂತು. ಸಿಂಚನಾ ಅಡಿಪಟ್ಟಿ ಹಿಡಿದು ತನ್ನ ಉತ್ತರಗಳನ್ನು ಗುರುತು ಹಾಕಿಕೊಂಡು ತಂದಿದ್ದ ಪ್ರಶ್ನೆಪತ್ರಿಕೆಯನ್ನು ತಾನೇ ತಾಳೆ ನೋಡಿದಳು. ಗುರುತು ಮಸುಕಾಗಿದ್ದ ಒಂದು ಉತ್ತರವನ್ನು ತಪ್ಪೆಂದೇ ಎಣಿಸಿದಳು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನೀಲಿ ಪೆನ್ನಿನಿಂದ ಬರೆದಳು. 87.5. ಪಕ್ಕದಲ್ಲಿ ಏನೂ ಇಲ್ಲ.

ಫಲಿತಾಂಶದ ದಿನ ಅಂಗಡಿಯಲ್ಲಿ ನಾಲ್ವರಿದ್ದರು. ಸಿಂಚನಾ, ನೇತ್ರಾವತಿ, ಶಿವರುದ್ರಯ್ಯ, ಮತ್ತು ಬೆಳಿಗ್ಗೆಯ ಬಸ್ಸಿಗೆ ಬಂದಿಳಿದ ದೊಡ್ಡಮ್ಮ ಹೊನ್ನಮ್ಮ. ಅಂಗಡಿಯ ಕಂಪ್ಯೂಟರಿನಲ್ಲಿ ಸಂಖ್ಯೆ ಮೂಡಿತು. ಎಂಬತ್ತೇಳೂವರೆ. ಅಷ್ಟಕ್ಕೆ ಬಂದ ರ‍್ಯಾಂಕಿನಲ್ಲಿ ಸೀಟು ಖಂಡಿತವಾಗಿತ್ತು. ನೇತ್ರಾವತಿ ಮಗಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಆ ಫಲಿತಾಂಶದ ಹಾಳೆಯನ್ನು ಪ್ರಿಂಟ್ ತೆಗೆದಳು. ಯಾರೂ ಕೇಳಿರಲಿಲ್ಲ, ಆದರೂ ನಾಲ್ಕು ಪ್ರತಿ ತೆಗೆದಳು.

ಶಿವರುದ್ರಯ್ಯ ಒಂದು ಪ್ರತಿ ತೆಗೆದುಕೊಂಡರು. ಸಿಂಚನಾಳ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಪಕ್ಕದಲ್ಲಿಟ್ಟುಕೊಂಡರು. ಅಡಿಪಟ್ಟಿ ಕೇಳಿ ಪಡೆದರು. ಇಲ್ಲಿ ಎಂಬತ್ತೇಳೂವರೆ, ಅಲ್ಲಿ ಎಂಬತ್ತೇಳೂವರೆ. ಎರಡನೇ ಸಲವೂ ನೋಡಿದರು. ಜೇಬಿನಿಂದ ಪೆನ್ನು ತೆಗೆದು ಅಂಕದ ಕೆಳಗೆ ಒಂದು ಸಾಲು ಬರೆದು, ಸಹಿ ಹಾಕಿ, ತಾರೀಖು ನಮೂದಿಸಿದರು.

ಹೊನ್ನಮ್ಮ ಇಣುಕಿ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು, "ಏನ್ ಬರೆದ್ರು ಮಗ ಅವ್ರು? ನಂಗೂ ಓದಿ ಹೇಳು" ಎಂದಳು.

ಸಿಂಚನಾ ಅಡಿಪಟ್ಟಿಯನ್ನು ಆ ಸಾಲಿನ ಕೆಳಗಿಟ್ಟಳು. ದೊಡ್ಡಮ್ಮನ ಹೆಬ್ಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲಿಟ್ಟು, ಒಂದೊಂದೇ ಪದ ಸರಿಸುತ್ತ ಓದಿ ಹೇಳಿದಳು.

"ಮೂಲದೊಂದಿಗೆ ತಾಳೆ ನೋಡಿದ್ದೇನೆ. ಸರಿಯಾಗಿದೆ."

ನೀತಿ: ನಮ್ಮ ತಪ್ಪಿಗೆ ಸಣ್ಣದೊಂದು ಮುದ್ದಿನ ಹೆಸರಿಟ್ಟರೆ ಅದು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಅದರ ನಿಜವಾದ ಹೆಸರು ಹಿಡಿದು ಕರೆದರೆ ಎದ್ದು ಹೋಗುತ್ತದೆ. ಬಂದದ್ದನ್ನು ಬಂದ ಹಾಗೆ ಬರೆದುಕೊಳ್ಳುವವರು ಮಾತ್ರ ಮುಂದಿನ ಸಲ ಹೆಚ್ಚು ತರಬಲ್ಲರು. ತನ್ನ ವಿಷಯದಲ್ಲೇ ಇದ್ದದ್ದನ್ನು ಇದ್ದ ಹಾಗೆ ಓದಲು ಕಲಿತವರನ್ನು ಬೇರೆಯವರೂ ನಂಬಿ ತಮ್ಮ ಕಾಗದ ಕೊಡಬಹುದು.